ಹನ್ನೊಂದು ಕೆಟ್ಟ ಮಾದರಿಗಳು

ಜನವರಿ ೨೨

ಮೇಷ್ಟ್ರಿಗೆ ನಮಸ್ಕಾರಗಳು.

ಕಣ್ಣಿನ ಪೊರೆ ತೆಗೆಸುವುದನ್ನು ಈ ಸಲವೂ ಮುಂದಕ್ಕೆ ಹಾಕಿದಿರಂತೆ. ನಿಮ್ಮ ಮನೆಗೆ ಫೋನ್ ಮಾಡಿದಾಗ ಅಮ್ಮ ಹೇಳಿದರು. ನಿಮಗೇ ನೇರವಾಗಿ ಬುದ್ಧಿ ಹೇಳೋಣವೆಂದರೆ ಫೋನು ನಿಮ್ಮ ಕಿವಿಗೆ ಆಗುವುದಿಲ್ಲ, ಕಂಪ್ಯೂಟರ್ ನಿಮ್ಮ ಕಣ್ಣಿಗೆ ಆಗುವುದಿಲ್ಲ. ಪಿಎಚ್.ಡಿ. ಮುಗಿಸಿ ನಿಮ್ಮ ಲ್ಯಾಬ್ ಬಿಟ್ಟ ಹನ್ನೆರಡು ವರ್ಷದಿಂದ ಕಾಗದ ಬರೆಯುವುದೇ ನನ್ನ ಪಾಲಿಗೆ ಬಂದಿದೆ. ದೂರು ಹೇಳುತ್ತಿಲ್ಲ. ನಿಮಗೆ ಈಗಲೂ ಕಾಗದ ಬರೆಯುವ ವಿದ್ಯಾರ್ಥಿ ನಾನೊಬ್ಬಳೇ ಎಂಬ ಜಂಬವೂ ಇದೆ.

ಒಂದು ಸುದ್ದಿ. ಸಂಶೋಧನಾ ಅನುದಾನದ ಕಚೇರಿಯವರು ಅರ್ಜಿಗಳನ್ನು ಪರಿಶೀಲಿಸಲು ನನ್ನನ್ನು ಆರಿಸಿದ್ದಾರೆ. ಕಿಡ್ನಿ ಕಾಯಿಲೆಗಳ ವಿಭಾಗಕ್ಕೆ ಹದಿನೈದು ಜನ, ಅವರಲ್ಲಿ ನಾನೇ ಕಿರಿಯಳು. ಒಂದೊಂದು ಅರ್ಜಿಯನ್ನು ಮೂವರು ಓದುತ್ತಾರೆ. ನಿಮ್ಮ ಕಾಲದ ಹಾಗೆ ಕಟ್ಟುಗಟ್ಟಲೆ ಕಾಗದ ಮನೆಗೆ ಬರುವುದಿಲ್ಲ. ಎಲ್ಲವೂ ಅವರ ಆನ್‌ಲೈನ್ ಡೇಟಾಬೇಸಿನಲ್ಲಿದೆ. ಪಾಸ್‌ವರ್ಡ್ ಹಾಕಿದರೆ ಫೋನಿಗೆ ಇನ್ನೊಂದು ಸಂಖ್ಯೆ ಬರುತ್ತದೆ, ಅದನ್ನೂ ಹಾಕಿದ ಮೇಲೆ ಒಳಗೆ ಬಿಡುತ್ತದೆ. ಏನನ್ನೂ ಇಳಿಸಿಕೊಳ್ಳುವಂತಿಲ್ಲ, ಪ್ರಿಂಟ್ ತೆಗೆಯುವಂತಿಲ್ಲ. ಹತ್ತು ನಿಮಿಷ ಸುಮ್ಮನೆ ಕೂತರೆ ಅದೇ ಹೊರಗೆ ಹಾಕುತ್ತದೆ. ಅರ್ಜಿ, ಅರ್ಜಿದಾರರ ಹಳೆಯ ಕೆಲಸ, ಅವರ ಬಗ್ಗೆ ಗೈಡ್ ಗುಟ್ಟಾಗಿ ಬರೆದುಕೊಟ್ಟ ಶಿಫಾರಸು ಪತ್ರ, ಎಲ್ಲ ಅಲ್ಲಿರುತ್ತದೆ. ಓದಿ ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು ಕಾರಣ ಬರೆಯಬೇಕು. ಕಾರಣ ಬರೆದವರು ಯಾರೆಂದು ಅರ್ಜಿದಾರರಿಗೆ ತಿಳಿಸುವುದಿಲ್ಲ.

ನನ್ನ ಕೋಣೆಗೆ ಒಳಗಿನಿಂದ ಚಿಲಕ ಇರಲಿಲ್ಲ. ಇದಕ್ಕೆಂದೇ ಹಾಕಿಸಿದೆ. ಅಂಥಾದ್ದೇನಿದೆ ಒಳಗೆ ಎಂದು ಬಡಗಿ ಕೇಳಿದ. ಇಷ್ಟು ವರ್ಷ ಮೂತ್ರದ ಬಾಟಲಿಗಳ ನಡುವೆ ಕೂತವಳ ಹತ್ತಿರ ಕೊನೆಗೂ ಗುಟ್ಟೆಂಬುದೊಂದು ಬಂತಲ್ಲ ಎಂದು ನನಗೇ ನಗು ಬಂತು.

ಕಣ್ಣು ಬೇಗ ತೋರಿಸಿಕೊಳ್ಳಿ.

ನಿಮ್ಮ
ಗಡಿಯಾರ


ಫೆಬ್ರವರಿ ೬

ಪ್ರೀತಿಯ ಗಡಿಯಾರಕ್ಕೆ ಆಶೀರ್ವಾದಗಳು.

ಅಕ್ಷರ ನೋಡಿ ಗಾಬರಿಯಾಗಬೇಡ. ನಿನ್ನ ಕಾಗದ ಬಂದ ವಾರವೇ ಬಲಗಣ್ಣಿನ ಪೊರೆ ತೆಗೆಸಿದೆ. ಒಂದು ತಿಂಗಳು ಓದುವಂತಿಲ್ಲ, ಬರೆಯುವಂತಿಲ್ಲ. ನಾನು ಹೇಳುತ್ತಿದ್ದೇನೆ, ಇರುವೆ ಬರೆಯುತ್ತಿದ್ದಾಳೆ. ಕಣ್ಣು ಮಂಜಾದಾಗಿನಿಂದ ನಿನ್ನ ಕಾಗದಗಳನ್ನೂ ಅವಳೇ ಓದಿ ಹೇಳುತ್ತಾಳೆ.

ಇವಳ ಬಗ್ಗೆ ನಿನಗೆ ಬರೆದೇ ಇರಲಿಲ್ಲ. ಎರಡು ವರ್ಷದಿಂದ ನಮ್ಮ ಹಳೆಯ ಲ್ಯಾಬಿನಲ್ಲಿದ್ದಾಳೆ. ನಿವೃತ್ತನಾದರೂ ನಾನು ವಾರಕ್ಕೆ ಮೂರು ದಿನ ಹೋಗಿ ಅವಳ ತಲೆ ತಿನ್ನುತ್ತೇನೆ. ತನಗಿಂತ ಭಾರದ ಮೂತ್ರದ ಕ್ಯಾನು ಹೊತ್ತು ಮೆಟ್ಟಿಲು ಹತ್ತುವುದನ್ನು ಕಂಡು ನಾನೇ ಇಟ್ಟ ಹೆಸರು. ಇದನ್ನೂ ಬರೆಯಬೇಕೇ ಎಂದು ಕೇಳುತ್ತಿದ್ದಾಳೆ, ಬರೆಯಲೇಬೇಕೆಂದಿದ್ದೇನೆ. ನೀನು ಒಂಬತ್ತಕ್ಕೆ ಬಾಗಿಲಲ್ಲಿ ನಿಂತಿರುತ್ತಿದ್ದೆ, ನಿನ್ನನ್ನು ನೋಡಿ ಜವಾನ ತನ್ನ ಕೈಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ. ಇವಳಿಗೆ ಹೊತ್ತು ಗೊತ್ತು ಎಂಬುದಿಲ್ಲ.

ನಿನ್ನನ್ನು ಆರಿಸಿದ್ದು ಕೇಳಿ ಅಮ್ಮನಿಗೂ ನನಗೂ ಬಹಳ ಸಂತೋಷವಾಯಿತು. ಆ ಕಚೇರಿಗೆ ಇರುವೆಯ ಅರ್ಜಿಯೂ ಒಂದು ಹೋಗಿದೆ. ನಿನ್ನ ಕೈಗೆ ಬರಲಾರದು. ಬಂದರೂ ಓದದೆ ಹಿಂದಿರುಗಿಸುವವಳು ನೀನು. ಆದ್ದರಿಂದ ಅದರ ವಿಷಯ ಇಲ್ಲಿಗೆ ಬಿಟ್ಟೆ.

ನಿನ್ನ
ಮೇಷ್ಟ್ರು


ಫೆಬ್ರವರಿ ೧೭
(ಅಂಚೆಗೆ ಹಾಕಲಿಲ್ಲ)

ಮೇಷ್ಟ್ರೇ,

ಬಂತು. ನನ್ನ ಪಾಲಿನ ಆರು ಅರ್ಜಿಗಳಲ್ಲಿ ನಾಲ್ಕನೆಯದು ಅವಳದು. ಬೆಳಗ್ಗೆ ಹನ್ನೊಂದಕ್ಕೆ ಪಟ್ಟಿ ತೆರೆದಾಗ ನಿಮ್ಮ ಲ್ಯಾಬಿನ ಹೆಸರು ಕಂಡಿತು, ಗೈಡ್ ಎಂಬಲ್ಲಿ ನಿಮ್ಮ ಹೆಸರು ಕಂಡಿತು. ಪಕ್ಕದಲ್ಲೇ ‘ಹಿಂದಿರುಗಿಸಿ’ ಎಂಬ ಗುಂಡಿ ಇತ್ತು. ಒತ್ತಲು ಹೋದ ಕೈ ‘ಓದಿ’ ಎಂಬುದನ್ನು ಒತ್ತಿತು. ಕೈ ಎಂದು ಬರೆದೆ. ಒತ್ತಿದ್ದು ನಾನೇ.

ಕಿಡ್ನಿಯಲ್ಲಿ ಹರಳು ಹೇಗೆ ಬೆಳೆಯುತ್ತದೆಂದು ನೋಡಲು ನಾನು ಐದು ವರ್ಷ ನೂರ ನಲವತ್ತು ಜನರ ಮೂತ್ರಕ್ಕೆ ಉಪ್ಪು ಬೆರೆಸಿದವಳು. ಹನ್ನೊಂದು ಬಾಟಲಿಗಳಲ್ಲಿ ಏನು ಮಾಡಿದರೂ ಹರಳು ಕಟ್ಟಲಿಲ್ಲ. ಕೆಟ್ಟ ಮಾದರಿಗಳೆಂದು ಕೆಂಪು ಗೆರೆ ಎಳೆದು ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ ತಳ್ಳಿದ್ದೆ. ನೀವೂ ಸಹಿ ಹಾಕಿದ್ದಿರಿ. ಅವಳ ಅರ್ಜಿ ಆ ಕೆಂಪು ಗೆರೆಯಿಂದ ಶುರುವಾಗುತ್ತದೆ. ಅವು ಕೆಟ್ಟಿರಲಿಲ್ಲವಂತೆ. ಆ ಹನ್ನೊಂದು ಜನರನ್ನು ಹುಡುಕಿಕೊಂಡು ಹೋಗಿದ್ದಾಳೆ. ಅವರೆಲ್ಲರ ಮನೆಯಲ್ಲೂ ಒಡಹುಟ್ಟಿದವರಿಗೆ ಕಲ್ಲಾಗಿದೆ, ಅವರಿಗೆ ಮಾತ್ರ ಆಗಿಲ್ಲ. ಹರಳನ್ನು ಬೆಳೆಯಗೊಡದ ಏನೋ ಒಂದು ಅವರ ಮೂತ್ರದಲ್ಲಿದೆ, ಅದನ್ನು ಹಿಡಿಯುತ್ತೇನೆ ಎನ್ನುತ್ತಾಳೆ. ಐದು ವರ್ಷ ಅದು ನನ್ನ ಕೈಯಲ್ಲಿತ್ತು ಮೇಷ್ಟ್ರೇ. ನಾನು ಬಾಟಲಿ ತೊಳೆದಿಟ್ಟಿದ್ದೆ.

ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಕೊನೆಯಲ್ಲಿ ನಿಮ್ಮ ಶಿಫಾರಸು ಪತ್ರ. ‘ಮೂವತ್ತೆರಡು ವರ್ಷ ಪಾಠ ಮಾಡಿದ್ದೇನೆ. ಎದುರಿಗಿರುವುದನ್ನು ನೋಡುವ ಕಣ್ಣು ಇವಳಿಗಿರುವಷ್ಟು ನನ್ನ ಬೇರೆ ಯಾವ ವಿದ್ಯಾರ್ಥಿಗೂ ಇರಲಿಲ್ಲ.’ ಬೇರೆ ಯಾವ ವಿದ್ಯಾರ್ಥಿಗೂ. ಆ ಸಾಲನ್ನೇ ನೋಡುತ್ತ ಕೂತೆ. ಹತ್ತು ನಿಮಿಷ ಕಳೆದಿರಬೇಕು, ಡೇಟಾಬೇಸು ನನ್ನನ್ನು ಹೊರಗೆ ಹಾಕಿತು. ಮತ್ತೆ ಪಾಸ್‌ವರ್ಡ್ ಹಾಕಿ ಅದೇ ಸಾಲಿಗೆ ಹೋದೆ.

ಅರ್ಜಿದಾರರ ಜೊತೆಗಾಗಲಿ ಗೈಡ್ ಜೊತೆಗಾಗಲಿ ಕಳೆದ ಹತ್ತು ವರ್ಷದಲ್ಲಿ ಕೆಲಸ ಮಾಡಿದ್ದೀರಾ ಎಂದು ಕೇಳುತ್ತದೆ. ಲ್ಯಾಬ್ ಬಿಟ್ಟು ಹನ್ನೆರಡು ವರ್ಷವಾಯಿತು. ಇಲ್ಲ ಎಂದು ಗುರುತು ಹಾಕಿದೆ. ತೀರ್ಮಾನಕ್ಕೆ ಅಡ್ಡಬರುವ ಬೇರೆ ಸಂಬಂಧ ಏನಾದರೂ ಇದೆಯೇ ಎಂದೂ ಕೇಳುತ್ತದೆ. ಅದಕ್ಕೂ ಇಲ್ಲ ಎಂದೆ.

ನಾಲ್ಕು ಅಂಕ ಕೊಟ್ಟೆ. ಕಾರಣ ಹುಡುಕಿದರೆ ಸಿಗಲಿಲ್ಲ, ಅರ್ಜಿ ಅಷ್ಟು ಗಟ್ಟಿಯಾಗಿತ್ತು. ಒಂದೇ ದಾರಿ ಉಳಿದಿತ್ತು. ಅವಳು ಆಧಾರ ಮಾಡಿಕೊಂಡ ಹಳೆಯ ಅಂಕಿಅಂಶವೇ ನಂಬುವಂಥದ್ದಲ್ಲ ಎಂದು ಬರೆದೆ.

ನನ್ನದನ್ನೇ.


ಫೆಬ್ರವರಿ ೧೯

ಮೇಷ್ಟ್ರಿಗೆ ನಮಸ್ಕಾರಗಳು.

ಕಾಗದ ತಲುಪಿತು. ಕಣ್ಣಿನ ಕೆಲಸ ಸುಸೂತ್ರವಾಗಿ ಆದದ್ದು ಸಂತೋಷ. ನನ್ನ ಹಳೆಯ ನೋಟ್‌ಬುಕ್ಕುಗಳು ನಿಮ್ಮ ಬೀರುವಿನಲ್ಲೇ ಇವೆಯೇ? ಸುಮ್ಮನೆ ಕೇಳಿದೆ. ಇನ್ನು ಮುಂದೆ ತಡವಾದರೂ ಚಿಂತೆಯಿಲ್ಲ, ನೀವೇ ಬರೆಯಿರಿ. ನಾಲ್ಕು ಸಾಲಾದರೂ ಸಾಕು.

ಗಡಿಯಾರ


ಮಾರ್ಚ್ ೮

ಪ್ರೀತಿಯ ಗಡಿಯಾರಕ್ಕೆ,

ನೋಡು, ನನ್ನದೇ ಕೈ. ಅಕ್ಷರ ಕುಂಬಳಕಾಯಿ ಗಾತ್ರ ಆಗಿರುವುದಕ್ಕೆ ನಗಬೇಡ.

ನಿನ್ನ ಕಾಗದವನ್ನು ಅಮ್ಮನಿಂದ ಓದಿಸಿದೆ. ‘ಹುಡುಗಿ ಮುಖ ಗಂಟು ಹಾಕ್ಕೊಂಡು ಬರೆದಿದ್ದಾಳೆ’ ಎಂದಳು. ನನಗೂ ಹಾಗೇ ಅನ್ನಿಸಿತು. ಕಾರಣ ಊಹಿಸಬಲ್ಲೆ. ಈ ಸಲವೂ ನಿನಗೆ ಬಡ್ತಿ ತಪ್ಪಿರಬೇಕು. ಯಾರೋ ನಿನಗಿಂತ ಕಿರಿಯರಿಗೆ ಹೋಗಿರಬೇಕು. ಅದನ್ನು ನನ್ನ ಹತ್ತಿರವೂ ಹೇಳಿಕೊಳ್ಳದಷ್ಟು ಅಭಿಮಾನ ನಿನಗೆ ಮೊದಲಿನಿಂದಲೂ ಇದೆ. ನಿನ್ನ ಕೆಲಸ ಏನೆಂದು ನನಗೆ ಗೊತ್ತು. ಬೇರೆಯವರು ಅಳೆದುಕೊಡಬೇಕಾಗಿಲ್ಲ.

ನೋಟ್‌ಬುಕ್ಕುಗಳು ಬೀರುವಿನಲ್ಲಿಲ್ಲ. ಇರುವೆಗೆ ಕೊಟ್ಟಿದ್ದೇನೆ. ನಿನ್ನನ್ನು ಒಂದು ಮಾತು ಕೇಳಬೇಕಿತ್ತು. ನೀನು ಬೇಡವೆನ್ನುವವಳಲ್ಲ ಎಂದುಕೊಂಡು ಕೊಟ್ಟುಬಿಟ್ಟೆ. ಅವಳು ಅವನ್ನು ಪಠ್ಯಪುಸ್ತಕದ ಹಾಗೆ ಓದುತ್ತಾಳೆ.

ನಿನ್ನ
ಮೇಷ್ಟ್ರು


ಮಾರ್ಚ್ ೨೧

ಮೇಷ್ಟ್ರಿಗೆ,

ನಿಮ್ಮ ಊಹೆ ಸರಿ. ಬಡ್ತಿಯ ವಿಷಯವೇ. ಅದರ ಬಗ್ಗೆ ಮತ್ತೆ ಬರೆಯುವುದು ಬೇಡ.

ನೋಟ್‌ಬುಕ್ ಕೊಟ್ಟದ್ದಕ್ಕೆ ನನ್ನ ಅಭ್ಯಂತರವೇನೂ ಇಲ್ಲ. ಆದರೆ ಆ ಹುಡುಗಿ ಅವನ್ನು ಓದುವಾಗ ಸ್ವಲ್ಪ ಎಚ್ಚರದಿಂದಿರಲಿ. ಬರೆಯುವುದರಲ್ಲಂತೂ ಎಚ್ಚರ ಸಾಲದು. ಫೆಬ್ರವರಿಯ ಕಾಗದದಲ್ಲಿ ‘ಮೂತ್ರ’ ಎಂದಿರಬೇಕಾದ ಕಡೆ ಮೊದಲು ‘ಮಾತ್ರ’ ಎಂದು ಬರೆದು ತಿದ್ದಿದ್ದಾಳೆ. ನನ್ನ ಕಾಲದಲ್ಲಿ ಇಂಥ ತಪ್ಪಿಗೆ ನೀವು ಇಡೀ ಪುಟ ಮತ್ತೆ ಬರೆಸುತ್ತಿದ್ದಿರಿ. ಈಗ ಮೆತ್ತಗಾಗಿದ್ದೀರಿ ಎಂದು ಕಾಣುತ್ತದೆ.

ಅವಳು ನಿಮ್ಮ ಮನೆಗೂ ಬಂದು ಹೋಗಿ ಮಾಡುತ್ತಾಳೆಯೇ? ಲ್ಯಾಬಿನಲ್ಲಿ ಕಿಟಕಿಯ ಪಕ್ಕದ ನನ್ನ ಮೇಜಿನಲ್ಲಿ ಈಗ ಯಾರು ಕೂರುತ್ತಾರೆ?

ಗಡಿಯಾರ


ಜೂನ್ ೩

ಪ್ರೀತಿಯ ಗಡಿಯಾರಕ್ಕೆ,

ಎರಡು ತಿಂಗಳು ನಿನಗೆ ಬರೆಯಲಾಗಲಿಲ್ಲ. ಎಡಗಣ್ಣಿನ ಸರದಿಯೂ ಆಯಿತು. ಈಗ ಬರೆಯುತ್ತಿರುವುದು ಸಿಟ್ಟಿನಿಂದ.

ಇರುವೆಯ ಅರ್ಜಿ ಬಿದ್ದುಹೋಯಿತು. ಅವಳಿಗೆ ಮೂವರ ಅಭಿಪ್ರಾಯವನ್ನೂ ಹೆಸರು ತೆಗೆದು ಕಳಿಸಿದ್ದಾರೆ. ಒಬ್ಬರು ಒಂಬತ್ತು ಕೊಟ್ಟಿದ್ದಾರೆ, ಒಬ್ಬರು ಎಂಟು. ಮೂರನೆಯವನು ನಾಲ್ಕು. ಬೀಳಿಸಿದ್ದು ಆ ನಾಲ್ಕು. ಅವನು ಬರೆದದ್ದನ್ನು ಇದ್ದ ಹಾಗೇ ಇಳಿಸುತ್ತೇನೆ: ‘ಅರ್ಜಿಗೆ ಆಧಾರವಾದ ಹಳೆಯ ಅಂಕಿಅಂಶ ನಂಬಲರ್ಹವಲ್ಲ. ಅದನ್ನು ಸಂಗ್ರಹಿಸಿದ ಸಂಶೋಧಕಿ ಸಾಕಷ್ಟು ಎಚ್ಚರ ವಹಿಸಿದಂತಿಲ್ಲ.’

ಅಂದರೆ ನೀನು. ಯಾವನೋ ಒಬ್ಬ, ನಿನ್ನ ಕೆಲಸವನ್ನು ಕಣ್ಣಿಂದಲೂ ಕಂಡಿರದವನು, ನಿನ್ನ ಐದು ವರ್ಷದ ಮೇಲೆ ಕಲ್ಲು ಹಾಕಿದ್ದಾನೆ. ನಾನು ಬಿಡುವವನಲ್ಲ. ಅಂಥ ಶ್ರದ್ಧೆಯ ಹುಡುಗಿಯನ್ನು ನನ್ನ ಲ್ಯಾಬ್ ಕಂಡಿಲ್ಲವೆಂದೂ ಅವಳ ಒಂದೊಂದು ಅಂಕಿಗೂ ನಾನು ಜವಾಬ್ದಾರನೆಂದೂ ಕಚೇರಿಗೆ ಮೂರು ಪುಟದ ದೂರು ಬರೆದೆ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಿನ್ನ
ಮೇಷ್ಟ್ರು

ಅಕ್ಕ, ನಾನು ಇರುವೆ. ಮೇಷ್ಟ್ರು ಕೆಳಗೆ ಜಾಗ ಬಿಟ್ಟುಕೊಟ್ಟಿದ್ದಾರೆ. ಅರ್ಜಿ ಹೋದದ್ದಕ್ಕೆ ಬೇಜಾರಿದೆ, ಸುಳ್ಳು ಹೇಳುವುದಿಲ್ಲ. ಆದರೆ ನಿಮ್ಮ ಬಗ್ಗೆ ಹಾಗೆ ಬರೆದದ್ದು ನನ್ನಿಂದಾಯಿತಲ್ಲ ಎಂದು ಹೆಚ್ಚು ಸಂಕಟವಾಗುತ್ತಿದೆ. ನಿಮ್ಮ ಹನ್ನೊಂದು ಮಾದರಿಗಳಲ್ಲಿ ಏಳರದ್ದು ಸ್ವಲ್ಪ ಸ್ವಲ್ಪ, ಆಗ ಬೇರೆ ತೆಗೆದಿಟ್ಟದ್ದು, ದೊಡ್ಡ ಫ್ರೀಜರಿನ ತಳದಲ್ಲಿ ಸಿಕ್ಕಿದೆ. ಎಲ್ಲವನ್ನೂ ಮತ್ತೆ ಮಾಡಿ ನೋಡುತ್ತೇನೆ. ನೀವು ಬರೆದಿಟ್ಟದ್ದು ಸರಿಯೆಂದು ತೋರಿಸಿಯೇ ತೀರುತ್ತೇನೆ.


ಜುಲೈ ೯

ಗಡಿಯಾರಕ್ಕೆ,

ನಿನ್ನಿಂದ ಒಂದು ಸಾಲೂ ಇಲ್ಲ. ಆ ಮಾತಿನಿಂದ ಎಷ್ಟು ನೊಂದಿದ್ದೀಯೆಂದು ತಿಳಿಯುತ್ತದೆ. ಹಾಗೆಂದು ನನಗೂ ಬಾಗಿಲು ಹಾಕಿಕೊಂಡರೆ ಹೇಗೆ?

ಇರುವೆ ಏಳೂ ಮಾದರಿಗಳನ್ನು ಮೂರು ಮೂರು ಸಲ ಮಾಡಿದಳು. ಒಂದರಲ್ಲೂ ಹರಳು ಕಟ್ಟಲಿಲ್ಲ. ನೀನು ಬರೆದದ್ದು ಬರೆದ ಹಾಗೇ ಇದೆ. ಈ ಕೆಲಸವನ್ನು ಅವಳು ಭಾನುವಾರಗಳಲ್ಲಿ ಮಾಡಿದ್ದು. ಜೂನ್ ಮೊದಲ ವಾರಕ್ಕೇ ಅವಳ ಫೆಲೋಶಿಪ್ ಮುಗಿಯಿತು. ಬಸ್ ನಿಲ್ದಾಣದ ಎದುರಿಗೆ ರಕ್ತ, ಮೂತ್ರ ಪರೀಕ್ಷೆ ಮಾಡುವ ಅಂಗಡಿಯಲ್ಲಿ ಬಾಟಲಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಆ ಕಡೆ ಹೋದಾಗ ಗಾಜಿನ ಹಿಂದೆ ಕೂತಿದ್ದಳು. ಕೈಬೀಸಿದಳು. ನನಗೆ ನೋಡಲಾಗಲಿಲ್ಲ.

ಅವಳಿಗೆ ನೀನೊಂದು ಮಾತು ಬರೆ. ನಿನ್ನ ಮಾತಾದರೆ ಕೇಳುತ್ತಾಳೆ.

ಮೇಷ್ಟ್ರು


ಜುಲೈ ೧೬

ಮೇಷ್ಟ್ರೇ,

ಲಕೋಟೆಯ ಮೇಲೆ ನೀವೇ ಓದಬೇಕೆಂದು ಬರೆದಿದ್ದೇನೆ. ದಯವಿಟ್ಟು ಕೂತು ಓದಿ.

ಆ ಮೂರನೆಯವನು ನಾನು.

ಅವಳ ಅರ್ಜಿ ನನ್ನ ಪಾಲಿಗೇ ಬಂತು. ಹಿಂದಿರುಗಿಸುವವಳು ನಾನೆಂದು ನೀವು ಬರೆದ ಕಾಗದ ಅದೇ ಮೇಜಿನ ಮೇಲಿತ್ತು. ಓದಿದೆ. ಅರ್ಜಿಗೆ ಒಂಬತ್ತು ಕೊಡಬೇಕಿತ್ತು, ಹತ್ತು ಕೊಟ್ಟರೂ ತಪ್ಪಿರಲಿಲ್ಲ. ನಾಲ್ಕು ಕೊಟ್ಟೆ. ನನ್ನ ಕಣ್ಣಿಗೆ ಕಾಣದ್ದು ಅವಳಿಗೆ ಕಂಡಿತೆಂದು ಹೊಟ್ಟೆ ಉರಿಯಿತು. ಅವಳಷ್ಟು ಕಣ್ಣಿರುವ ವಿದ್ಯಾರ್ಥಿ ನಿಮಗೆ ಬೇರೆ ಇರಲಿಲ್ಲವೆಂದು ನೀವು ಬರೆದದ್ದನ್ನು ಓದಿದ ಮೇಲೆ ಉರಿ ತಡೆಯಲಾಗಲಿಲ್ಲ. ಅವಳನ್ನು ಬೀಳಿಸಲು ಬೇರೇನೂ ಸಿಗದೆ ನನ್ನ ಕೆಲಸವನ್ನೇ ಕೆಟ್ಟದ್ದೆಂದು ಬರೆದೆ. ಬಡ್ತಿಯ ವಿಷಯ ಸುಳ್ಳು. ನೀವೇ ದಾರಿ ತೋರಿಸಿದಿರಿ, ನಾನು ಹಿಡಿದುಕೊಂಡೆ.

ಜೂನ್ ಕಾಗದ ಬಂದಾಗಲೇ ಹೇಳಬೇಕಿತ್ತು. ನೀವು ನನ್ನ ಪರವಾಗಿ ಮೂರು ಪುಟ ಬರೆದಿದ್ದೀರೆಂದು ಓದಿ, ಹೇಳಲು ಹೆದರಿದ್ದಲ್ಲ, ಸಂತೋಷಪಟ್ಟೆ. ಅಂಥ ಶ್ರದ್ಧೆಯ ಹುಡುಗಿಯನ್ನು ಕಂಡಿಲ್ಲವೆಂದು ಬರೆದಿದ್ದಿರಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೋ. ಎಂಥವಳಾಗಿಹೋದೆ ಎಂದು ಆಗಲೂ ಅನ್ನಿಸಲಿಲ್ಲ. ಅನ್ನಿಸಿದ್ದು, ನನ್ನ ಮಾನ ಉಳಿಸಲು ಅವಳು ಭಾನುವಾರ ಕೂತು ಮೂರು ಮೂರು ಸಲ ಮಾಡಿದಳೆಂದು ತಿಳಿದಾಗ.

ಇಂದು ಬೆಳಗ್ಗೆ ಅನುದಾನದ ಕಚೇರಿಗೂ ಎಲ್ಲವನ್ನೂ ಬರೆದು ಕಳಿಸಿದ್ದೇನೆ. ನನ್ನ ಅಂಕ ತೆಗೆದುಹಾಕಿ ಬೇರೆಯವರಿಂದ ಓದಿಸಬೇಕೆಂದು ಕೇಳಿದ್ದೇನೆ.

ಕ್ಷಮೆ ಎಂಬ ಪದ ಬರೆದು ಎರಡು ಸಲ ಹೊಡೆದುಹಾಕಿದೆ.


ಆಗಸ್ಟ್ ೨೭

ಮಾನ್ಯರೇ,

ನಿಮ್ಮ ಜುಲೈ ೧೬ರ ಪತ್ರ ತಲುಪಿದೆ. ಉತ್ತರಿಸಲು ತಡವಾಯಿತು.

ನಿಮ್ಮ ಪರವಾಗಿ ಕೊಟ್ಟಿದ್ದ ದೂರನ್ನು ಹಿಂದಕ್ಕೆ ಪಡೆದಿದ್ದೇನೆ. ಈ ವಯಸ್ಸಿನಲ್ಲಿ ಅಂಥ ಪತ್ರ ಬರೆಯುವುದು ಸುಲಭವಾಗಿರಲಿಲ್ಲ. ಅರ್ಜಿಯನ್ನು ಮತ್ತೊಮ್ಮೆ ಬೇರೆ ಇಬ್ಬರಿಗೆ ಕೊಡುವುದಾಗಿ ಕಚೇರಿಯವರು ತಿಳಿಸಿದ್ದಾರೆ. ನಿಮ್ಮ ಹೆಸರು ಪಟ್ಟಿಯಿಂದ ಹೋಗಿದೆಯೆಂದೂ ನಿಮ್ಮ ನಿರ್ದೇಶಕರಿಗೆ ಬರೆದಿದ್ದಾರೆಂದೂ ಗೊತ್ತಾಯಿತು.

ನೀವು ಓದಿದ ಆ ವಾಕ್ಯವನ್ನು ನಾನು ಯೋಚಿಸಿಯೇ ಬರೆದಿದ್ದೆ. ಅದು ನಿಜ. ನಿಮಗೆ ಸಮಾಧಾನವಾಗಲೆಂದು ಬದಲಿಸಲಾರೆ. ನಿಮ್ಮ ಬಗ್ಗೆ ಬರೆದ ಮೂರು ಪುಟವೂ ಬರೆದಾಗ ನಿಜವಾಗಿತ್ತು.

ಹುಡುಗಿಗೆ ನಾನು ಏನೂ ಹೇಳಿಲ್ಲ. ಹೇಳುವುದು ನನ್ನ ಕೆಲಸವಲ್ಲ. ಕಾಗದದಲ್ಲಿ ಬರೆದು ಕೈ ತೊಳೆದುಕೊಳ್ಳುವುದೂ ಆಗದು. ಬಂದು ಹೇಳಿ.

ಅಮ್ಮ ನಿಮ್ಮನ್ನು ಕೇಳುತ್ತಿರುತ್ತಾಳೆ. ಅವಳಿಗೂ ನಾನು ಹೇಳಿಲ್ಲ.


ಡಿಸೆಂಬರ್ ೪

ಮೇಷ್ಟ್ರಿಗೆ,

ಬರಲು ಮೂರು ತಿಂಗಳು ಬೇಕಾಯಿತು. ಎರಡು ಸಲ ಟಿಕೆಟ್ ತೆಗೆದು ರದ್ದು ಮಾಡಿದೆ. ಕಳೆದ ಗುರುವಾರ ಬಂದೆ. ನೀವು ಆ ದಿನ ಲ್ಯಾಬಿಗೆ ಬೇಕೆಂದೇ ಬರಲಿಲ್ಲವೆಂದು ಆಮೇಲೆ ತಿಳಿಯಿತು. ಅದಕ್ಕೇ ನಡೆದದ್ದನ್ನು ಬರೆಯುತ್ತಿದ್ದೇನೆ.

ಅನುದಾನ ಸಿಕ್ಕಿ ಅವಳು ಮತ್ತೆ ಕೆಲಸಕ್ಕೆ ಕೂತದ್ದು ನನಗೆ ಗೊತ್ತಿತ್ತು. ಆ ಹನ್ನೊಂದು ಜನರಲ್ಲಿ ಏಳನೇ ಸಂಖ್ಯೆಯ ಮುದುಕರು ಸೆಪ್ಟೆಂಬರಿನಲ್ಲಿ ತೀರಿಕೊಂಡದ್ದು ಗೊತ್ತಿರಲಿಲ್ಲ. ಅವಳೇ ಹೇಳಿದಳು. ಮೇ ತಿಂಗಳಲ್ಲೇ ಅನುದಾನ ಬಂದಿದ್ದರೆ ಅವರ ಹೊಸ ಮಾದರಿ ಸಿಗುತ್ತಿತ್ತು. ಇನ್ನು ಸಿಗುವುದಿಲ್ಲ. ನಾನು ಯಾರೆಂದು ಹೇಳುವ ಮೊದಲೇ, ಯಾರೋ ಹಳೆಯ ವಿದ್ಯಾರ್ಥಿನಿ ಲ್ಯಾಬ್ ನೋಡಲು ಬಂದಿದ್ದಾರೆಂದುಕೊಂಡು ಇದನ್ನೆಲ್ಲ ಹೇಳಿದಳು.

ಆಮೇಲೆ ನಾನು ಹೇಳಿದೆ. ನಿಂತುಕೊಂಡೇ ಹೇಳಿದೆ.

‘ಆ ನಾಲ್ಕು ನಿಮ್ಮದಾ?’ ಎಂದಳು.

‘ನನ್ನದೇ.’

ಕೈಗವಸು ತೆಗೆದು ಮೇಜಿನ ಮೇಲಿಟ್ಟಳು. ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ನನ್ನ ನೋಟ್‌ಬುಕ್ ಓದಿ ಓದಿ ನನ್ನ ಹಾಗೆಯೇ ಸೊನ್ನೆ ಬರೆಯುವುದನ್ನು ಕಲಿತಿದ್ದಳಂತೆ, ಅದನ್ನು ಹೇಳಿದಳು. ಕೊನೆಗೆ ಹೇಳಿದ್ದನ್ನು ಅವಳ ಮಾತಲ್ಲೇ ಬರೆಯುತ್ತೇನೆ.

‘ನಿಮ್ಮ ಕಾಗದ ಬಂದ್ರೆ ಮೇಷ್ಟ್ರು ಎರಡೆರಡು ಸಲ ಓದಿಸ್ತಿದ್ರು. ನಾನು ಏನಾದ್ರೂ ತೋರಿಸಿದ್ರೂ ಮೊದಲು ನಿಮ್ಮ ವಿಷಯ, ಆಮೇಲೆ ನಂದು. ನನಗೂ ಹೊಟ್ಟೆ ಉರೀತಿತ್ತು ಅಕ್ಕ. ಆದ್ರೆ ಒಂದು ಸಾಲನ್ನೂ ಬಿಟ್ಟು ಓದಲಿಲ್ಲ.’

 

ಕ್ಷಮಿಸಿದೆಯಾ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಕೆಲಸದ ಮಾತು ಮಾತ್ರ ಆಡಿದಳು. ಲೇಖನ ಬರೆಯುವಾಗ ಮೊದಲ ಅಂಕಿಅಂಶ ಯಾರದ್ದೆಂದು ಹಾಕಲೇಬೇಕಲ್ಲ, ನನ್ನ ಹೆಸರು ಹಾಕುತ್ತಾಳಂತೆ. ‘ಕೃತಜ್ಞತೆಗಳು ಅನ್ನೋ ಕಡೆ ಹಾಕಲ್ಲ’ ಎಂದಳು. ಸರಿ ಎಂದೆ.

ಹೊರಡುವ ಮೊದಲು ಒಂದು ಸಲ ನೋಡಬಹುದೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಸ್ಲೈಡ್ ಇಟ್ಟು ಎದ್ದು ನಿಂತಳು. ಮೈಕ್ರೋಸ್ಕೋಪಿನಲ್ಲಿ ಎರಡೇ ಎರಡು ಹರಳಿನ ಕಣಗಳಿದ್ದವು. ಬೆಳೆಯಲು ಹೊರಟು ಅಲ್ಲೇ ನಿಂತುಬಿಟ್ಟಿದ್ದವು. ಸುತ್ತ ತೆಳ್ಳನೆಯ ಪೊರೆಯೊಂದು, ಗಾಜಿನ ಮೇಲೆ ಉಸಿರು ಬಿಟ್ಟಷ್ಟು ತೆಳ್ಳಗೆ, ಅವನ್ನು ಹಿಡಿದಿತ್ತು. ಹಿಡಿಯುತ್ತೇನೆ ಎಂದವಳು ಹಿಡಿದಿದ್ದಳು.

ನನ್ನ ಹೊಟ್ಟೆಕಿಚ್ಚು ಹೋಯಿತೆಂದು ಬರೆದರೆ ನಿಮಗೆ ಮತ್ತೊಂದು ಸುಳ್ಳು ಬರೆದಂತೆ. ಅದನ್ನು ನೋಡುತ್ತಿರುವಾಗಲೂ ಒಳಗೆ ಸುಡುತ್ತಿತ್ತು. ಅವಳು ಹಿಂದೆ ನಿಂತು ‘ಆಯ್ತಾ?’ ಎಂದು ಕೇಳಿದಳು.

‘ಇನ್ನೊಂದು ಸ್ವಲ್ಪ ನೋಡ್ತೀನಿ’ ಎಂದೆ.